ಜೀಪಿನ ನೀರು ಎಲ್ಲಿಗೆ ಹೋಗುತ್ತಿದೆ

ಅಣ್ಣ,

ಇವತ್ತು ಜೀಪಿನಲ್ಲಿ ಕಾಫಿ ಮೂಟೆ ಹೇರಿಕೊಂಡು ಚೆಟ್ಟಳ್ಳಿಗೆ ಹೋಗಬೇಡ. ಅಮ್ಮನಿಗೆ ಉಬ್ಬಸ ಹೆಚ್ಚಾಗಿದೆ, ಗಾಡಿ ಮನೆಯಲ್ಲಿರಲಿ.

ರೇಡಿಯೇಟರ್ ಸೋರುತ್ತಿಲ್ಲ. ಕೆಳಗೆ ಹಾಸಿದ್ದ ಕಾಗದ ಬೆಳಿಗ್ಗೆ ಒಣಗಿಯೇ ಇತ್ತು. ಆದರೆ ಎಂಜಿನ್ ಓಡುವಾಗ ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಏಳುತ್ತದೆ, ಎಂಜಿನ್ನಿನ ಎಣ್ಣೆಯೂ ಹಾಲು ಬೆರೆತ ಕಾಫಿಯಂತಾಗಿದೆ. ನೀರು ಒಳಗೆ ಸೇರದಂತೆ ತಡೆಯುವ ಗ್ಯಾಸ್ಕೆಟ್ ಸುಟ್ಟು, ನೀರು ಎಂಜಿನ್ನಿನೊಳಕ್ಕೇ ಹೋಗುತ್ತಿದೆ. ಕಾದಾಗ ತೋಡಿನ ತಣ್ಣೀರು ಸುರಿದರೆ ಎಂಜಿನ್ನೇ ಬಿರಿಯುತ್ತದೆ.

"ಓದ್ದವಂಗೆ ಕಂಡದ್ದೆಲ್ಲಾ ಕಾಯಿಲೆನೇ" ಅನ್ನುತ್ತೀ. ಅನ್ನು.

ಗ್ಯಾಸ್ಕೆಟ್ ಮಡಿಕೇರಿಯಲ್ಲಿ ಸಿಗಲಿಲ್ಲ. ಮೈಸೂರಿನ ಬಸ್ಸಿಗೆ ಹೊರಟಿದ್ದೇನೆ, ನಾಳೆ ಬರುತ್ತೇನೆ.

ರೇಡಿಯೇಟರಿನ ಮುಚ್ಚಳ ತೆಗೆಯಲು ಹೋಗಿ ಸುಟ್ಟುಕೊಂಡ ಕೈಗೆ ಮುಲಾಮು ಹಚ್ಚಿಕೋ.

ಜೀಪಿನ ಬೀಗದಕೈಯನ್ನು ನನ್ನ ಜೊತೆಗೇ ಒಯ್ಯಬೇಕೆಂದಿದ್ದೆ. ಆದರೆ ರಾತ್ರಿ ಅಮ್ಮನ ಉಸಿರು ಕಟ್ಟಿದರೆ ಆಸ್ಪತ್ರೆಗೆ ನಮಗೆ ಬೇರೆ ಗಾಡಿಯಿಲ್ಲ. ಮೇಜಿನ ಮೇಲಿಟ್ಟಿದ್ದೇನೆ.

ಸಾಂತಪ್ಪ