ಕಿಟಕಿ ಕಡೆಯ ಕೆನ್ನೆ

ಮಾರ್ಚ್ 3, ಬೆಳಿಗ್ಗೆ 7
ತೋಳಿನ ಬಟ್ಟೆ ಬಿಚ್ಚಿದೆ. ಇಪ್ಪತ್ತನಾಲ್ಕು ಗಂಟೆ ಆಯಿತು. ಕೆಂಪಿಲ್ಲ, ತುರಿಕೆಯಿಲ್ಲ. ನಾನು ಮಾಡಿ ಮಾರುವ ಮುಖದೆಣ್ಣೆಯ ಹೊಸ ಬ್ಯಾಚ್ ಪಾಸ್. ಹನ್ನೆರಡು ವರ್ಷದಿಂದ ಇದೇ ಪದ್ಧತಿ — ಮೊದಲು ನನ್ನ ತೋಳಿನ ಒಳಭಾಗಕ್ಕೆ ನಾಲ್ಕು ಹನಿ, ಮೇಲೆ ಬಟ್ಟೆ, ಒಂದು ದಿನ ಬಿಚ್ಚುವಂತಿಲ್ಲ. ನನ್ನ ಚರ್ಮ ಒಪ್ಪದ ಎಣ್ಣೆ ಯಾರ ಮುಖಕ್ಕೂ ಹೋಗಿಲ್ಲ.

ಈ ಸಲ ನಿಂಬೆ ಎಣ್ಣೆ ಬೇರೆ ಕಡೆಯದು. ಇಷ್ಟು ವರ್ಷ ಕೊಡುತ್ತಿದ್ದ ಭಟ್ಟಿ ತಾತ ಕೆಲಸ ನಿಲ್ಲಿಸಿದ್ದಾರೆ. ಅವರದು ಹಬೆಯಲ್ಲಿ ಇಳಿಸಿದ್ದು, ನೀರಿನಂತೆ ಬಣ್ಣವೇ ಇಲ್ಲ. ಇದು ಹಸಿ ಸಿಪ್ಪೆಯಿಂದ ಹಿಂಡಿದ್ದು. ಹಸಿರು. ಮುಚ್ಚಳ ತೆಗೆದರೆ ಕೋಣೆಯೆಲ್ಲ ಆಗಷ್ಟೇ ಹೆಚ್ಚಿದ ಹಣ್ಣಿನ ಘಮ. ಬಾದಾಮಿ ಎಣ್ಣೆಗೆ ಧಾರಾಳವಾಗಿಯೇ ಬೆರೆಸಿದೆ.

ಮೊದಲ ಬಾಟಲಿ ಎಂದಿನಂತೆ ತಂಗಿಗೆ. ಮಕ್ಕಳಿಗೆ ಈಜು ಕಲಿಸುವವಳು. ಕೊಳದ ನೀರಿಗೆ ಅವಳ ಮುಖ ಒಣಗಿ ಬಿರಿಯುತ್ತದೆ. ಮೂಸಿ ನೋಡಿ, "ಅಕ್ಕ, ಇದನ್ನ ಹಚ್ಕೊಳ್ಳೋದಾ, ಕುಡಿಯೋದಾ?" ಎಂದಳು.

ಮಾರ್ಚ್ 6
ತಂಗಿಯ ಕೆನ್ನೆ, ಕತ್ತು ಕೆಂಪು. ಉರಿಯಂತೆ. ಕ್ಲೋರಿನ್ ಇರಬೇಕು. ಎಣ್ಣೆ ಬಿಡಬೇಡ, ಬೆಳಿಗ್ಗೆ ಹೊರಡುವ ಮುಂಚೆಯೂ ಹಚ್ಚು ಎಂದೆ. ಡಾಕ್ಟರಿಗೆ ತೋರಿಸಲಾ ಎಂದಳು. ರೇಗಿತು.

"ಮನೇಲಿ ನಾನಿರೋವಾಗ ಡಾಕ್ಟರ್ ಯಾಕೆ?"

ಮಾರ್ಚ್ 9
ಗುಳ್ಳೆ. ಕತ್ತಿನ ಮೇಲೆ ಗೆರೆ ಗೆರೆಯಾಗಿ ಎದ್ದಿವೆ. ಎಣ್ಣೆ ಇಳಿದ ದಾರಿಯಲ್ಲೇ. ನೋಡಿದೆ. ನೋಡಿಯೂ ಸುಮ್ಮನಾದೆ.

ಮಾರ್ಚ್ 17
ಗುಳ್ಳೆ ಆರಿದ ಕಡೆ ಕಂದು ಕಲೆ. ಈಜು ಕಲಿಯುವ ಮಕ್ಕಳ ತಾಯಂದಿರಲ್ಲಿ ಗುಸುಗುಸು — ಅಂಟುರೋಗವಂತೆ. ನೀವು ನೀರಿಗಿಳಿಯಬೇಡಿ ಎಂದಿದ್ದಾನೆ ಕೊಳದ ಮ್ಯಾನೇಜರ್. ಇಡೀ ದಿನ ದಂಡೆಯ ಮೇಲೆ ಬಿಸಿಲಲ್ಲಿ ನಿಂತು ಸೀಟಿ ಊದುತ್ತಾಳೆ. ತಿಂಗಳ ಕೊನೆಯೊಳಗೆ ವಾಸಿಯಾಗದಿದ್ದರೆ ಆ ಕೆಲಸವೂ ಇಲ್ಲ.

"ಮುಖಕ್ಕೆ ಏನು ಹಚ್ತೀಯ ಅಂತ ಕೇಳಿದ್ರು ಅಕ್ಕ. ನಮ್ಮಕ್ಕನ ಎಣ್ಣೆ ಚಿನ್ನದಂಥದ್ದು, ನನ್ನ ಚರ್ಮವೇ ಸರಿಯಿಲ್ಲ ಅಂದೆ."

ಖುಷಿಯಾಯಿತು. ಬರೆಯಲು ನಾಚಿಕೆ. ಆದರೂ ಆಯಿತು.

ಮಾರ್ಚ್ 18, ಮಧ್ಯಾಹ್ನ
ಫೋನ್. ಬಸ್ ಓಡಿಸುವ ಹೆಂಗಸು, ಹಳೇ ಗಿರಾಕಿ. ಇದೇ ಬ್ಯಾಚಿನ ಬಾಟಲಿ ಒಯ್ದಿದ್ದಳು.

"ಏನ್ರೀ ಇದು, ಒಂದು ಕೆನ್ನೆ ಪೂರ್ತಿ ಸುಟ್ಟಿದೆ!"

"ಒಂದೇನಾ?"

"ಹಚ್ಚಿದ್ದು ಎರಡಕ್ಕೂ. ಸುಟ್ಟಿದ್ದು ಕಿಟಕಿ ಕಡೇದು ಮಾತ್ರ."

"ನಿಮ್ಮ ಮೈಗೆ ಒಗ್ಗಿಲ್ಲ ಅನ್ಸುತ್ತೆ, ನಿಲ್ಸಿಬಿಡಿ" ಎಂದು ಫೋನ್ ಇಟ್ಟೆ. ಕಿಟಕಿ ಕಡೆ ಏನಿರುತ್ತದೆ? ಬಿಸಿಲು.

ಭಟ್ಟಿ ತಾತನನ್ನು ಕೇಳಿದೆ. ಕೆಮ್ಮುತ್ತಲೇ ಬೈದರು. "ಹಿಂಡಿದ್ದಾ? ಅದನ್ನ ಹಚ್ಕೊಂಡು ಬಿಸಿಲಿಗೆ ಹೋದ್ರೆ ಸುಡುತ್ತೆ ಕಣಮ್ಮ. ಹಬೇಲಿ ಇಳಿಸಿದ್ರೆ ಆ ಕಾಟ ಇರಲ್ಲ. ಇಷ್ಟು ವರ್ಷ ಏನು ಕಲ್ತೆ ನೀನು? ಹಚ್ಚಿ ನೋಡ್ಲಿಲ್ವಾ?"

ನೋಡಿದ್ದೆ ತಾತ. ತೋಳಿನ ಒಳಭಾಗದಲ್ಲಿ. ಬಿಸಿಲು ತಾಗದಂತೆ ಜೋಪಾನವಾಗಿ ಬಟ್ಟೆ ಕಟ್ಟಿ.

ಮಾರ್ಚ್ 19
ಹೇಳಲೆಂದೇ ತಂಗಿಯನ್ನು ಕರೆದೆ. ಬಾಯಿಂದ ಬಂದದ್ದು — "ಎರಡು ದಿನ ಎಣ್ಣೆ ಬಿಡು, ಚರ್ಮಕ್ಕೆ ರಜಾ ಕೊಡು." ತಲೆಯಾಡಿಸಿದಳು. ಯಾಕೆಂದು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ... ಸುಳ್ಳು. ಹೇಳುತ್ತಿರಲಿಲ್ಲ.

ಒಂದು ಮಾತಿನಿಂದ ಅವಳ ಕೆಲಸ ಉಳಿಯುತ್ತದೆ. ಇದು ರೋಗವಲ್ಲ, ಸುಟ್ಟಗಾಯ, ಸುಟ್ಟವಳು ನಾನು — ಇಷ್ಟೇ. ಆಮೇಲೆ ನನ್ನ ಎಣ್ಣೆಯನ್ನು ಯಾರು ಮೂಸಿ ನೋಡುತ್ತಾರೆ? ಮೂವತ್ತೊಂದು ಬಾಟಲಿ ಹೊರಗಿವೆ. ಎಷ್ಟು ಹೇಡಿ ನಾನು.

ಮಾರ್ಚ್ 23
ಮಧ್ಯಾಹ್ನ ತಾರಸಿಗೆ ಹೋದೆ. ಬಲತೋಳಿಗೆ ಹಳೆಯ ಬ್ಯಾಚ್, ಎಡತೋಳಿಗೆ ಹೊಸದು. ಬಟ್ಟೆ ಕಟ್ಟಲಿಲ್ಲ. ಒಂದು ಗಂಟೆ ಬಿಸಿಲಲ್ಲಿ ಕೂತೆ. ತಾತನ ಮಾತು ಸುಳ್ಳಾಗಲಿ ಎಂಬ ಆಸೆ, ಇನ್ನೇನು.

ಮಾರ್ಚ್ 25, ಸಂಜೆ 5
ಬಲತೋಳಿಗೆ ಏನೂ ಆಗಿಲ್ಲ. ಎಡತೋಳಿನಲ್ಲಿ ಹೆಬ್ಬೆರಳಗಲದ ಗುಳ್ಳೆ.

ತೋಳು ಇಳಿಬಿಡುವಷ್ಟರಲ್ಲಿ ತಂಗಿ ನೋಡಿಬಿಟ್ಟಳು. ಕೊಳದಿಂದ ಆಗಷ್ಟೇ ಬಂದಿದ್ದಳು. "ಅಯ್ಯೋ, ಒಲೆಗೆ ತಗುಲಿಸ್ಕೊಂಡ್ಯಾ? ನಿನಗೆ ಎಷ್ಟು ಹೇಳಿದ್ರೂ ಅಷ್ಟೇ." ಅವಳ ಕಲೆ ಕಿವಿಯ ಹಿಂದಕ್ಕೂ ಹೋಗಿದೆ. ಅಂಚಿನಲ್ಲಿ ಹೊಸ ಕೆಂಪು.

"ಎಣ್ಣೆ ಬಿಟ್ಟಿಲ್ವೇನೇ ನೀನು?"

"ಎರಡೇ ದಿನ ಅಂತ ನೀನೇ ಅಂದಿದ್ದೆ ಅಲ್ವಾ. ಬಿಟ್ಟೆ. ಆಮೇಲಿಂದ ಎರಡರಷ್ಟು ಹಚ್ತಿದೀನಿ. ತಿಂಗಳೊಳಗೆ ವಾಸಿಯಾಗ್ಬೇಕಲ್ಲ ಅಕ್ಕ."

ಅಲ್ಲಾಡದೆ ಕೂತಿರು ಎಂದು ಕೆಳಗೆ ಹೋಗಿದ್ದಾಳೆ. ತನ್ನ ಬಾಟಲಿ ತರಲು. ನನ್ನ ಗುಳ್ಳೆಗೆ ಹಚ್ಚಲು.

ಮೆಟ್ಟಿಲ ಮೇಲೆ ಸದ್ದು. ಬಂದಳು. ನಾನು ಕಲಿಸಿದ ಹಾಗೆಯೇ, ಅಂಗೈಗೆ ಸುರಿದು, ಉಜ್ಜಿ ಬೆಚ್ಚಗೆ ಮಾಡುತ್ತಾ ಎದುರು ನಿಂತಿದ್ದಾಳೆ.

"ಬರೆದಿದ್ದು ಸಾಕು. ಕೈ ಚಾಚು."

ಹೇಳುತ್ತೇನೆ. ಈ ಸಾಲು ಮುಗಿಸಿ, ತಲೆಯೆತ್ತಿ, ಅವಳ ಮುಖ ನೋಡಿ