ಚೆರ್ರಿ ಹೂವಿನ ಹಾಡು ಯಾರಿಗೆ ಹಾಡೋದು

ಕ್ಯಾಂಟನ್, ಮಿಷಿಗನ್
೧೨ ಏಪ್ರಿಲ್ ೨೦೦೯, ಭಾನುವಾರ

ಏನ್ರೀ, ನಮಸ್ಕಾರ.

ನಾನೂ ಮಿಹಿರನೂ ಚೆನ್ನಾಗಿದೀವಿ. ನೀವೂ ಶಿಕಾಗೋದಲ್ಲಿ ಹೊತ್ತೊತ್ತಿಗೆ ಉಂಡ್ಕೊಂಡು ಚೆನ್ನಾಗಿದೀರ ಅಂದ್ಕೊಂಡಿದೀನಿ. ಯುಗಾದಿ ಆಗಿ ಎರಡು ವಾರ ಆಯ್ತು, ಈಗ ಬರೀತಿದಾಳೆ ಅಂತ ಬೈಕೋಬೇಡಿ. ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದು ಬಂದೋಳು ನಾನು, ಒಂದು ಪುಟ ತುಂಬಿಸೋದು ಅಂದ್ರೆ ಬಾವೀಲಿ ನೀರು ಸೇದಿದಂಗೆ. ಫೋನ್ ಮಾಡ್ಬಹುದಿತ್ತು. ಆದ್ರೆ ನಿಮ್ಮ ಫೋನಿಗೆ ಮಾಡಿದಾಗೆಲ್ಲ ಆ ಮಿಷಿನ್ ಹೆಂಗಸೇ ಸಿಕ್ತಾಳೆ, ಮೆಸೇಜ್ ಬಿಡು ಅಂತಾಳೆ. ಈಗ ಅವಳಿಗೂ ನನಗೂ ಎಷ್ಟು ಸಲಿಗೆ ಅಂದ್ರೆ, ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಕರೆಯೋಣ ಅಂತಿದೀನಿ.

ಇಲ್ಲಿ ಸಮಾಚಾರ ಅಂದ್ರೆ, ವಿಕ್ಸಮ್‌ನಲ್ಲಿ ಮುಚ್ಚಿಹೋದ ನಿಮ್ಮ ಟೂಲ್ ರೂಮ್ ಫ್ಯಾಕ್ಟ್ರಿ ಇದ್ದ ಬಿಲ್ಡಿಂಗಿಗೆ ಬಾಡಿಗೆ ಬೋರ್ಡ್ ಬಿದ್ದಿದೆಯಂತೆ. ನಿಮ್ಮ ಜೊತೆ ಅಲ್ಲೇ ಕೆಲಸ ಮಾಡ್ತಿದ್ದ ಸತ್ಯ ಹೇಳಿದ್ರು. ಅವರಿಗೆ ಇನ್ನೂ ಎಲ್ಲೂ ಸಿಕ್ಕಿಲ್ಲ. ನೀವು ಪುಣ್ಯವಂತರು, ಶಿಕಾಗೋದಲ್ಲಾದ್ರೂ ಕಾಂಟ್ರಾಕ್ಟ್ ಸಿಕ್ತು ಅಂದ್ರು. ಹೂಂ ಅಂದೆ. ನಮ್ಮ ಬಡಾವಣೇಲಿ ಈ ವರ್ಷ ಹುಲ್ಲಿಗಿಂತ ಮೊದಲು ಮನೆ ಸೇಲ್ ಬೋರ್ಡೇ ಚಿಗುರಿದೆ.

ಈಗ ಹಬ್ಬದ ಕಥೆ ಕೇಳಿ. ಎದುರುಮನೆ ಜಪಾನಿನ ತೊಮೊಕೊ ಗೊತ್ತಲ್ಲ, ನಿಮ್ಮ ಕಾರು ಹಿಮದಲ್ಲಿ ಸಿಕ್ಕಿದಾಗ ಸೌಟಿನಷ್ಟು ಸಲಿಕೆ ಹಿಡ್ಕೊಂಡು ಓಡಿ ಬಂದಿದ್ಲಲ್ಲ, ಅವಳೇ. ಗಂಡ ಮೋರಿಸಾನ್, ಜಪಾನಿನವರ ಕಾರಿನ ಪಾರ್ಟ್ಸ್ ಕಂಪನೀಲಿ ಇದ್ರು. ಸಾನ್ ಅಂದ್ರೆ ಅವರಲ್ಲಿ ನಮ್ಮ ‘ಅವರು’ ಇದ್ದಂಗೆ, ಮರ್ಯಾದೆಗೆ. ನೀವು ಹೋದಮೇಲೆ ಚಳಿಗಾಲ ಪೂರ್ತಿ ನಾವಿಬ್ಬರೇ. ಅವಳಿಗೂ ಡ್ರೈವಿಂಗ್ ಬರಲ್ಲ, ನನಗೂ ಬರಲ್ಲ. ಇಂಗ್ಲಿಷೂ ಇಬ್ಬರದೂ ಸಮ, ಅದಕ್ಕೇ ಒಂದು ದಿನಾನೂ ಜಗಳ ಆಗ್ಲಿಲ್ಲ. ನಾನು ಅವಳಿಗೆ ಚಿತ್ರಾನ್ನ ಕಲಿಸಿದೆ. ಅವಳು ನನ್ನನ್ನ ಅವರ ಮನೆ ಬೇಸ್‌ಮೆಂಟಿಗೆ ಕರ್ಕೊಂಡು ಹೋಗಿ ಹಾಡು ಹೇಳೋ ಮಿಷಿನ್ ಮುಂದೆ ಕೂರಿಸಿದ್ಲು. ಟೀವಿಯಲ್ಲಿ ಹಾಡು ಬರುತ್ತೆ, ಮೈಕ್ ಹಿಡ್ಕೊಂಡು ಜೊತೆಗೆ ಹೇಳ್ಬೇಕು.

ಹಾಡು ಅಂದ್ರೆ ಬರೀ ಚೆರ್ರಿ ಹೂವಿನ ಹಾಡು ರೀ. ಸಾಕುರಾ ಅಂತಾರೆ. ಹಳೇದೂ ಅದೇ, ಹುಡುಗರದೂ ಅದೇ. ಚೈತ್ರ ಬಂತು ಅಂದ್ರೆ ಅಲ್ಲಿ ಯಾರಾದ್ರೂ ಒಬ್ಬರು ಆ ಹೂವಿನ ಮೇಲೆ ಇನ್ನೊಂದು ಹೊಸ ಹಾಡು ಬಿಡ್ತಾರಂತೆ, ಊರೆಲ್ಲ ಅದನ್ನೇ ಗುನುಗುತ್ತಂತೆ. ನಮ್ಮಲ್ಲಿ ಕನಕಾಂಬರಕ್ಕೆ ಯಾರಾದ್ರೂ ಇಷ್ಟು ಮರ್ಯಾದೆ ಕೊಟ್ಟಿದಾರಾ ಹೇಳಿ.

ಅದ್ರಲ್ಲಿ ಒಂದು ನನಗೆ ತುಂಬ ಹಿಡಿಸ್ತು. ಟೀವಿಯಲ್ಲಿ ಒಂದು ರೈಲ್ವೆ ಸ್ಟೇಷನ್ನು. ಹುಡುಗಿ ಓಡಿ ಬರ್ತಾಳೆ, ಕೈ ಬೀಸ್ತಾಳೆ, ಮೇಲಿಂದ ಹೂ ಸುರೀತಾನೇ ಇರುತ್ತೆ. ಅರ್ಥ ಯಾಕೆ ಕೇಳ್ಬೇಕು? ಹೂ ಸುರಿಸೋದು ಯಾವಾಗ? ಯಾರಾದ್ರೂ ಬಂದಾಗ. ಅದೂ ಚೈತ್ರಮಾಸದ ಹಾಡು. ನಮ್ಮ ಯುಗಾದಿಗೆ ಹೇಳಿ ಮಾಡಿಸಿದಂಗಿದೆ ಅಂದ್ಕೊಂಡೆ. ನೀವು ಹಬ್ಬಕ್ಕೆ ಬರ್ತೀನಿ ಅಂದಿದ್ರಲ್ಲ, ಬಾಗಿಲಲ್ಲಿ ನಿಂತು ಇದನ್ನೇ ಹಾಡಿ ಒಳಗೆ ಕರ್ಕೊಳ್ಳೋಣ, ಹೆಂಡತಿ ಹೋಗಿ ಜಪಾನಿನವಳು ಬಂದ್ಲಾ ಅಂತ ನೀವು ಕಣ್ಣು ಬಿಡ್ಬೇಕು, ಅಂತ ಪ್ಲಾನು. ಪಾತ್ರೆ ತೊಳೀತಾ ತೊಳೀತಾ ಬಾಯಿಪಾಠ ಮಾಡಿದೆ. ನಿಮ್ಮ ಮಗ ಮಿಹಿರ ಕಿವಿಗೆ ವೈರ್ ಹಾಕ್ಕೊಂಡು ಓಡಾಡ್ತಿದ್ದ.

ಹಬ್ಬ ಶುಕ್ರವಾರ, ಊಟಕ್ಕೆ ಜನ ಕರೆದಿದ್ದು ಶನಿವಾರ. ಎಷ್ಟೊತ್ತಾದ್ರೂ ಬರ್ತೀರಿ ಅಂತ ಒಬ್ಬಟ್ಟು ಎತ್ತಿಟ್ಟಿದ್ದೆ. ನೀವು ಬರ್ಲಿಲ್ಲ. ಫಾರ್ಮಿಂಗ್ಟನ್ ಹಿಲ್ಸ್ ಅನುರಾಧಾ ಶೂ ಬಿಚ್ಚೋಕೆ ಮೊದಲೇ ಎಲ್ಲಿ ಯಜಮಾನ್ರು ಅಂತ ಕೇಳಿದ್ಲು. ಪ್ರಾಜೆಕ್ಟು ಅಂದೆ. ಈ ದೇಶದಲ್ಲಿ ಪ್ರಾಜೆಕ್ಟು ಅಂದ್ಬಿಟ್ರೆ ಮುಂದೆ ಯಾರೂ ಕೇಳಲ್ಲ.

ತೊಮೊಕೊ, ಮೋರಿಸಾನ್ ಇಬ್ಬರೂ ಬಂದಿದ್ರು. ಬೇವು ಸಿಗ್ಲಿಲ್ಲ ಅಂತ ಮೆಂತ್ಯದ ಪುಡಿಗೆ ಬೆಲ್ಲ ಕಲಸಿ ಕೊಟ್ಟೆ. ಮೋರಿಸಾನ್ ಔಷಧಿ ಅಂದ್ಕೊಂಡು ಬಗ್ಗಿ ನಮಸ್ಕಾರ ಮಾಡಿ ನುಂಗಿದ್ರು. ಎಲ್ಲರೂ ನಕ್ಕರು. ಆ ನಗೂನಲ್ಲೇ, ಕಲಿತ ಹಾಡು ಯಾಕೆ ದಂಡ ಆಗ್ಬೇಕು ಅಂತ ಎದ್ದು ನಿಂತು ಹಾಡೇ ಬಿಟ್ಟೆ. ತೊಮೊಕೊ ಕಡೆಗೇ ತಿರುಗಿ, ಕೈ ಬೀಸ್ಕೊಂಡು, ಪೂಜೆಗೆ ಇಟ್ಟಿದ್ದ ಹೂ ಅವಳ ತಲೆ ಮೇಲೆ ಹಾಕ್ಕೊಂಡು.

ಅರ್ಧ ಹಾಡಿರ್ಬೇಕು, ತೊಮೊಕೊ ಎರಡೂ ಕೈಲಿ ಮುಖ ಮುಚ್ಕೊಂಡ್ಲು. ಮೋರಿಸಾನ್ ತಟ್ಟೆ ಕೆಳಗಿಟ್ಟು ಎದ್ದು ನಿಂತ್ಕೊಂಡ್ರು, ಸ್ಕೂಲಲ್ಲಿ ಪ್ರಾರ್ಥನೆಗೆ ನಿಂತ್ಕೊಳ್ಳಲ್ವಾ, ಹಂಗೆ. ನನ್ನ ಕಂಠ ಅಷ್ಟು ಚೆನ್ನಾಗಿದೆ ಅಂತ ನನಗೇ ಗೊತ್ತಿರ್ಲಿಲ್ಲ ನೋಡಿ, ಪೂರ್ತಿ ಮುಗಿಸಿದೆ.

ಆಮೇಲೆ ಅಡುಗೆಮನೇಲಿ ತೊಮೊಕೊ ನನ್ನ ಕೈ ಹಿಡ್ಕೊಂಡು, ನಿನಗೆ ಹೆಂಗೆ ಗೊತ್ತಾಯ್ತು, ನಾವು ಯಾರಿಗೂ ಹೇಳಿಲ್ವಲ್ಲ ಅಂದ್ಲು. ಏನು ಗೊತ್ತಾಯ್ತು ಅಂದೆ. ಆಗ ಹೇಳಿದ್ಲು. ಕಂಪನಿ ಇಲ್ಲಿನ ಕೆಲಸ ಕಡಿಮೆ ಮಾಡ್ತಿದೆ, ಇವರನ್ನ ವಾಪಸ್ ಕರೆಸ್ಕೊಳ್ತಿದೆ, ಒಂದೇ ವಾರ ಇರೋದು. ಅವರ ದೇಶದಲ್ಲಿ ಸ್ಕೂಲು ಮುಗಿಯೋದೂ ಈ ಹೂ ಬಿಡೋ ಮಾರ್ಚಿನಲ್ಲೇ, ಟ್ರಾನ್ಸ್‌ಫರ್ ಆಗೋದೂ ಆಗ್ಲೇ. ಜೊತೇಲಿದ್ದೋರೆಲ್ಲ ಒಂದೊಂದು ದಿಕ್ಕಿಗೆ ಹೋಗ್ತಾರೆ, ಸ್ಟೇಷನ್ನಲ್ಲಿ ಆ ಹುಡುಗಿ ಓಡಿ ಬಂದಿದ್ದೂ ಕಳಿಸಿಕೊಡೋಕೆ.

“ಇಂದುಸಾನ್, ದಿಸ್ ಸಾಂಗ್, ಗುಡ್‌ಬೈ ಸಾಂಗ್,” ಅಂದ್ಲು.

ನಾನು ಏನೂ ಗೊತ್ತಿಲ್ದೆ ಹಾಡಿದೆ ಅಂತ ಅವಳಿಗೆ ಹೇಳ್ಲಿಲ್ಲ. ಬೀಳ್ಕೊಡುಗೆ ಅಂತಾನೇ ತಿಳ್ಕೊಂಡು ಹೋಗ್ಲಿ. ಅಷ್ಟು ಚೆನ್ನಾಗಿ ಯಾರು ಕಳಿಸಿಕೊಡ್ತಾರೆ ಈ ಊರಲ್ಲಿ? ನಿಮ್ಮ ಟೂಲ್ ರೂಮಿನೋರನ್ನ ಒಂದು ಡೋನಟ್ ಡಬ್ಬಿ ಕೊಟ್ಟು ಕಳಿಸಿದ್ರಲ್ಲ.

ಹೇಳಿದಂಗೇ ಮುಂದಿನ ಶನಿವಾರ ಹೊರಟುಹೋದ್ರು. ಹಾಡಿನ ಮಿಷಿನ್ ನಮ್ಮ ಬೇಸ್‌ಮೆಂಟಲ್ಲಿ ಬಿಟ್ಟಿದಾಳೆ. ಅವಳ ಮನೆ ಮುಂದೆ ಒಂದು ಚೆರ್ರಿ ಗಿಡ ನೆಟ್ಟಿದ್ಲು, ನನ್ನ ಸೊಂಟದಷ್ಟಿದೆ. ಈ ಊರಲ್ಲಿ ಅದು ಹೂ ಬಿಡೋದು ಮೇ ತಿಂಗಳಿಗೆ. ಅವರ ಹಾಡೂ ನಮ್ಮ ಪಂಚಾಂಗವೂ ಇಲ್ಲಿ ಸುಮ್ಮನೆ ಆತುರ ಪಡ್ತಾವೆ.

ಮಿಹಿರನ ಹೈಸ್ಕೂಲ್ ಗ್ರ್ಯಾಜುಯೇಷನ್ ಜೂನಿನಲ್ಲಿ. ಈಸ್ ಡ್ಯಾಡ್ ಕಮಿಂಗ್ ಆರ್ ನಾಟ್ ಅಂತ ಒಂದು ಸಲ ಕೇಳಿದ, ಆಮೇಲೆ ಕೇಳಿಲ್ಲ.

ಬಿ.ಪಿ. ಮಾತ್ರೆ ಬಿಡ್ಬೇಡಿ. ಹೊರಗಡೆ ತಿಂದ್ರೂ ರಾತ್ರಿಗೆ ಮೊಸರನ್ನ ಮಾಡ್ಕೊಳ್ಳಿ. ಚಾಮುಂಡಿ ತಾಯಿ ನಿಮ್ಮನ್ನ ಎಲ್ಲಿದ್ರೂ ತಣ್ಣಗಿಟ್ಟಿರ್ಲಿ.

ಕ್ಯಾಂಟನ್ ಮನೆಯಿಂದ,
ಇಂದುಮತಿ

ಮರೆತಿದ್ದೆ, ಇನ್ನೊಂದು. ಹಬ್ಬದ ಬೆಳಗ್ಗೆ ಮಿಷಿನ್ ಹೆಂಗಸು ಸಿಕ್ಕಿದಾಗ ನಿಮ್ಮ ಫೋನಲ್ಲೂ ಆ ಹಾಡು ಪೂರ್ತಿ ಹಾಡಿ ಬಿಟ್ಟಿದೀನಿ. ಬರೋರಿಗೆ ಹಾಡೋದು ಅಂದ್ಕೊಂಡು ಹಾಡಿದ್ದು. ಡಿಸೆಂಬರಲ್ಲಿ ಬಂದು ಹೋಗುವಾಗ ದೇವರಮನೆಯಿಂದ ನಿಮ್ಮಮ್ಮನ ಫೋಟೋ ತಗೊಂಡು ಹೋದ್ರಿ. ಸ್ವೆಟರ್ ತಗೊಂಡು ಹೋಗಿದ್ರೆ ಚಳಿಗೆ ಅನ್ಬಹುದಿತ್ತು. ನಾನು ಕೇಳ್ಲಿಲ್ಲ, ನೀವು ಹೇಳ್ಲಿಲ್ಲ. ಮಿಹಿರನ ಕಣ್ಣಿಗೆ ಬೀಳದಿರ್ಲಿ ಅಂತ ಆ ಖಾಲಿ ಮೊಳೆಗೆ ಇಂಡಿಯನ್ ಸ್ಟೋರ್ ಕ್ಯಾಲೆಂಡರ್ ನೇತುಹಾಕಿದ್ದೆ. ಹಬ್ಬಕ್ಕೆ ನೀವು ಬರ್ತೀರಿ ಅಂತ ಅದನ್ನ ತೆಗೆದು ಗೋಡೆ ಒರೆಸಿಟ್ಟಿದ್ದೆ, ಈಗ ಮತ್ತೆ ಹಾಕಿದೀನಿ. ಬರೋದಾದ್ರೆ ಫೋಟೋ ತಗೊಂಡು ಬನ್ನಿ. ಬರೋದಿಲ್ಲ ಅಂದ್ರೆ ನನಗೇನೂ ಬರೀಬೇಡಿ, ನನ್ನ ಹಾಡು ನಾನು ಹಾಡಿ ಆಗಿದೆ. ಮಿಹಿರನಿಗೆ ಮಾತ್ರ ನೀವೇ ಹೇಳಿ.