ಗೆರೆಯ ಮೇಲೆ ನಿಂತ ಅಕ್ಷರ

ಭೇಲೂಪುರ, ವಾರಣಾಸಿ
11 ಸೆಪ್ಟೆಂಬರ್ 2025

ನನ್ನ ತಾರಕ್ಕಾ,

ಫೋನಿನಲ್ಲಿ ಹೇಳಿ ಮುಗಿಯೋದಲ್ಲ, ಅದಕ್ಕೇ ಬರೀತಿದ್ದೀನಿ. ನಿದ್ದೆ ಬಂತಾ ಅಂತ ಮಾತ್ರ ಕೇಳಬೇಡ.

ನಮ್ಮ ವಚನಾಳ ಯುಕೆಜಿಯಲ್ಲಿ ಮೇಜಿಗೊಂದು ಟ್ಯಾಬ್ ಮಲಗಿಸಿಟ್ಟಿರುತ್ತಾರೆ ಅಂದಿದ್ದೆನಲ್ಲ. ಫೀಸು ಕಟ್ಟುವ ಮನೆಯ ಮಕ್ಕಳು ಅದರ ಮುಂದೆ ಕೂರುತ್ತವೆ. ಸರ್ಕಾರದ ಉಚಿತ ಸೀಟಿನವು ಮೇಜಿನ ಆಚೆ ಬದಿಗೆ, ಎದುರಿಗೆ. ಅವು ಮುಟ್ಟುವ ಹಾಗಿಲ್ಲ. ಒಡೆದರೆ ದುಡ್ಡು ಕೊಡೋರು ಯಾರು ಅನ್ನೋದು ಮೇಡಂ ಮಾತು. ನಮ್ಮವಳ ಎದುರಿಗೆ ಕೂರೋದು ಕಜರಿ, ಹನುಮಾನ್ ಘಾಟ್‌ನ ದೋಣಿಯವನ ಮಗಳು. ಇವಳ ಕೈ ಎಷ್ಟು ತೊಳೆದರೂ ಇದೇ ಬಣ್ಣ ಅಂತ ಆಯಾ ನಗುತ್ತಾಳೆ.

ನಿನ್ನೆ ಪಾಲಕರನ್ನು ತರಗತಿಗೆ ಕರೆದಿದ್ದರು. ಟ್ಯಾಬ್‌ನಲ್ಲಿ ಹಿಂದಿ ಕಥೆ. ವಚನಾ ಎರಡನೇ ಸಾಲಿಗೇ ತಡವರಿಸಿದಳು. ಅಷ್ಟರಲ್ಲಿ ಎದುರಿನಿಂದ ಕಜರಿ ಮುಂದಿನದನ್ನೆಲ್ಲ ಸರಸರ ಓದಿಬಿಟ್ಟಳು. ಬಾಯಿಪಾಠ ಅಂದರು ಮೇಡಂ. ಹೊಸ ಕಥೆ ತೆಗೆದು, ಈಗ ಓದು ನೋಡೋಣ ಅಂತ ಟ್ಯಾಬನ್ನ ಅವಳ ಕಡೆ ತಿರುಗಿಸಿಟ್ಟರು. ಹುಡುಗಿ ತಬ್ಬಿಬ್ಬು. ಒಂದಕ್ಷರ ಹೊರಡಲಿಲ್ಲ. ಹಿಂದೆ ಯಾರೋ ಕಿಸಕ್ಕೆಂದರು. ಆಗ ಅವಳು ಹೆದರುತ್ತಲೇ, ಒಂದೇ ಬೆರಳಿನಿಂದ ಟ್ಯಾಬನ್ನ ಮೆಲ್ಲಗೆ ತಿರುಗಿಸಿ, ತಲೆಕೆಳಗು ಮಾಡಿಕೊಂಡು, ಕೊನೆತನಕ ಓದಿದಳು.

ಎಂ.ಎ. ಮಾಡಿದ ನಾನು ಬಾಯಿ ತೆರೆದುಕೊಂಡು ನಿಂತೆ ಅಕ್ಕಾ. ನಮಗೆ ಹಿಂದಿ ಅಕ್ಷರಗಳು ಮೇಲಿನ ಗೆರೆಯಿಂದ ನೇತಾಡುತ್ತವೆ. ಆ ಮಗುವಿಗೆ ಅವು ಗೆರೆಯ ಮೇಲೆ ನಿಂತಿವೆ, ಗಂಗೆಯ ಮೇಲೆ ದೋಣಿ ನಿಂತ ಹಾಗೆ. ಯಾರೂ ಕಲಿಸಿದ್ದಲ್ಲ. ಎದುರು ಕೂತು, ತಲೆಕೆಳಗಾಗೇ ನೋಡಿ ನೋಡಿ ದಕ್ಕಿಸಿಕೊಂಡಿದ್ದು.

ಅವಳಿಗೂ ಸರದಿ ಕೊಡಿ ಅಂತ ಮೇಡಂಗೆ ಹೇಳಿದೆ. ಹಾಗಾದರೆ ನಿಮ್ಮ ಮಗಳ ಹೊತ್ತಿನಲ್ಲಿ ಅರ್ಧ ಬಿಡಿ, ಬೇರೆಯವರದ್ದು ಕಿತ್ತು ಕೊಡೋಕಾಗಲ್ಲ ಅಂದರು. ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕು. ಮನೆಯಲ್ಲಿ ಇವರನ್ನ ಕೇಳಿದರೆ, ಊರಿಗೆಲ್ಲ ನೀನೇ ತಾಯಿನಾ, ಮೊದಲು ನಿನ್ನ ಮಗಳನ್ನ ನೋಡು ಅಂತಾರೆ. ಅದೂ ಸುಳ್ಳಲ್ಲ. ಮನೆಯಲ್ಲಿ ಕನ್ನಡ, ಹೊರಗೆ ಹಿಂದಿ ಅಂತ ನಮ್ಮವಳೇ ಒದ್ದಾಡುತ್ತಿದ್ದಾಳೆ. ಅವಳ ಪಾಲಿನದನ್ನ ನಾನೇ ಎತ್ತಿ ಕೊಡಲಾ? ಆದರೆ ಕಣ್ಣು ಮುಚ್ಚಿದರೆ ಆ ಬೆರಳೇ ಕಾಣುತ್ತೆ.

ಕಾಯಿಸದೆ ಬರಿ.

ನಿನ್ನ ತಂಗಿ
ಶಿವರಂಜನಿ

ತಾ.ಕ.: ನಿನ್ನ ಉತ್ತರಕ್ಕೆ ಕಾಯಲಿಲ್ಲ. ಹೋಗಿ ಹೂಂ ಅಂದು ಬಂದೆ. ಇವರಿಗಿನ್ನೂ ಹೇಳಿಲ್ಲ, ನೀನೂ ಬಾಯಿಬಿಡಬೇಡ. ಇನ್ನು ಅರ್ಧ ಹೊತ್ತು ವಚನಾ ಎದುರಿಗೆ ಕೂರಬೇಕು. ಅಳುತ್ತಾಳೆ ಅಂದುಕೊಂಡಿದ್ದೆ. ಶಾಲೆಯಿಂದ ಬಂದವಳೇ ಪುಸ್ತಕ ತಲೆಕೆಳಗು ಹಿಡಿದು ಕೂತಿದ್ದಾಳೆ. ಕಜರಿಗೆ ಬರೋದು ತನಗೂ ಬರಬೇಕಂತೆ.